ದೊರೆ ತಂದ ಚಿತ್ರದಲ್ಲಿ ನಮ್ಮ ಅಡುಗೆಮನೆ

ಆ ಕಾಲದಲ್ಲಿ ದಿಂಡಿಗಲ್ಲಿನ ಬಂಡೆಯ ಕೆಳಗಿದ್ದ ಹಳೆಯ ಕಲ್ಲುಮಂಟಪವನ್ನು ಯಾರೂ ಪಾಳು ಅನ್ನುತ್ತಿರಲಿಲ್ಲ. ಕಂಬಗಳ ನಡುವೆ ಮಣ್ಣಿನ ಗೋಡೆ ಎಬ್ಬಿಸಿಕೊಂಡು ನಾಲ್ಕು ಮನೆಯವರು ಅಲ್ಲೇ ಬಾಳುತ್ತಿದ್ದೆವು. ಅಜ್ಜಿ ಸೊಸೆಯಾಗಿ ಬಂದದ್ದು ಅಲ್ಲಿಗೆ, ನಾನು ಹುಟ್ಟಿದ್ದೂ ಅಲ್ಲಿಯೇ. ಅಡುಗೆಮನೆಯ ಕಂಬದಲ್ಲಿ ಗಿಣಿ ಹಿಡಿದ ಹೆಂಗಸೊಬ್ಬಳನ್ನು ಕೆತ್ತಿದ್ದರು. ಅವಳ ಮೊಣಕೈಗೆ ಅಜ್ಜಿ ಸೌಟು ತಗುಲಿಹಾಕುತ್ತಿದ್ದಳು, ಹಬ್ಬಕ್ಕೊಮ್ಮೆ ಮಸಿ ಒರೆಸಿ ಹರಳೆಣ್ಣೆ ಹಚ್ಚುತ್ತಿದ್ದಳು. ಗಾಳಿ ತಿರುಗಿದರೆ ಚರ್ಮ ಹದ ಮಾಡುವ ಕಡೆಯಿಂದ ಆವರಿಕೆ ತೊಗಟೆಯ ನಾತ ಬಂದು ನಮ್ಮ ತಟ್ಟೆಯ ರಾಗಿ ಕಳಿಯ ಮೇಲೆ ಕೂರುತ್ತಿತ್ತು.

ನನಗಾಗ ಏಳೋ ಎಂಟೋ ವರ್ಷ. ಬಿಳಿಯ ದೊರೆಯೊಬ್ಬ ಹಳೆಯ ಅಚ್ಚಿನ ಚಿತ್ರ ಹಿಡಿದು, ಅದರಲ್ಲಿನ ಮಂಟಪ ಎಲ್ಲಿದೆಯೆಂದು ತನ್ನ ಗುಮಾಸ್ತನಿಂದ ಬೀದಿ ಬೀದಿ ಕೇಳಿಸುತ್ತಿದ್ದ. ಗೊತ್ತಾದರೆ ನಮ್ಮನ್ನು ಎಬ್ಬಿಸುತ್ತಾರೆಂದು ಹಿರಿಯರೆಲ್ಲ ಮಾತಾಡಿಕೊಂಡು, ಅದು ಎಂದೋ ಬಿದ್ದುಹೋಯಿತು ಅನ್ನುತ್ತಿದ್ದರು. ಮಕ್ಕಳಿಗೂ ಹೇಳಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಾನೋ, ಮೊದಲೇ ಬಾಯಿಬಡುಕಿ.

ಬಾವಿಕಟ್ಟೆಯಲ್ಲಿ ಕಲ್ಲಾಟ ಆಡುತ್ತಿದ್ದ ನಮಗೆ ದೊರೆಯ ಗುಮಾಸ್ತ ಚಿತ್ರ ತೋರಿಸಿದ. ಕೂದಲೆಳೆಯಂಥ ಕಪ್ಪು ಗೆರೆಗಳು. ಗೋಡೆಯಿಲ್ಲ, ಒಲೆಯಿಲ್ಲ, ಮೇಯುವ ಆಡೊಂದು ಮಾತ್ರ. ಆದರೆ ಕಂಬದಲ್ಲಿ ಅವಳಿದ್ದಳು, ಗಿಣಿ ಸಮೇತ. ನಮ್ಮ ಅಡುಗೆಮನೆ ಎಂದು ಹಿಗ್ಗಿ, ಮುಂದೆ ಮುಂದೆ ಓಡಿ ದಾರಿ ತೋರಿಸಿದೆ.

ಒಲೆಯ ಮುಂದಿದ್ದ ಅಜ್ಜಿ ಎದ್ದು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಇದು ನೂರು ವರ್ಷದ ಹಿಂದಿನದು, ಇದರಲ್ಲಿ ಮನೆಗಳಿಲ್ಲ, ನೀವೆಲ್ಲ ಆಮೇಲೆ ಬಂದು ಸೇರಿಕೊಂಡವರು ಎಂದು ಗುಮಾಸ್ತ ತಮಿಳಿನಲ್ಲಿ ಹೇಳಿದ. ಅಜ್ಜಿ ನನ್ನ ಕಡೆ ತಿರುಗಿ ನಮ್ಮ ಮನೆಮಾತು ಕನ್ನಡದಲ್ಲಿ ಮೆಲ್ಲಗೆ ಅಂದಳು:

“ಬರ್ದವ್ನು ನಮ್ಮನ್ನ ಬುಟ್ಟು ಬರ್ದವ್ನೆ, ಕೂಸೆ.”

ಪೊಂಗಲ್ ಕಳೆದ ಮೇಲೆ ದೊರೆಯ ಆಳುಗಳು ಬಂದು ಗೋಡೆ ಕೆಡವಿದರು. ನಾವು ಬಂಡಿ ಕಟ್ಟಿಕೊಂಡು ಕಾಮಯಗೌಂಡನ್‌ಪಟ್ಟಿಯ ಮಾವನ ಮನೆ ಸೇರಿದೆವು. ಅಪ್ಪ ಬೈದ, ಅಕ್ಕಪಕ್ಕದವರು ಶಪಿಸಿದರು. ಮುಂದಿನ ಮಳೆಗಾಲದವರೆಗೂ ಅಜ್ಜಿ ಉಳಿಯಲಿಲ್ಲ. ನನ್ನಿಂದಲೇ ಹೋದಳು ಎಂಬ ಕೊರಗು ಈ ವಯಸ್ಸಿನಲ್ಲೂ ಬಿಟ್ಟಿಲ್ಲ.

ಹೋದ ವರ್ಷ ಕಾಲೆಳೆದುಕೊಂಡು ಹೋಗಿ ಮಂಟಪ ನೋಡಿದೆ. ಚಿತ್ರದಲ್ಲಿದ್ದ ಹಾಗೆಯೇ ಮಾಡಿಟ್ಟಿದ್ದಾರೆ. ಮಸಿ ಕೆರೆದಿದ್ದಾರೆ, ಸುತ್ತ ಬೇಲಿ ಹಾಕಿದ್ದಾರೆ. ಸುಸ್ತಾಗಿ ಒಂದು ಕಂಬಕ್ಕೆ ಒರಗಿ ಕೂತೆ. ಕಾವಲಿನ ಹುಡುಗ ಬಂದು, ಇಲ್ಲಿ ಕೂರಬಾರದು ಅಜ್ಜಿ, ಇದು ಪುರಾತನ ಜಾಗ, ಇಲ್ಲಿ ಯಾವತ್ತೂ ಯಾರೂ ವಾಸವಿರಲಿಲ್ಲ ಎಂದು ವಿವರಿಸಿದ.

ಹೌದಪ್ಪಾ ಎಂದು ಎದ್ದು ಬಂದೆ.