ಬಿರುಕಿದ್ದರೇ ನಾದ

ಚಾಮರಾಜಪೇಟೆಯ ತಾರಸಿಗಳಿಂದ ಬೆಳಕು ಇನ್ನೂ ಕೆಳಗಿಳಿದಿಲ್ಲ. ಓಣಿಯ ಕೊನೆಯ ಸಣ್ಣ ಅಂಗಡಿಯಲ್ಲಿ ನರಸಮ್ಮ ಮೃದಂಗವನ್ನು ಮಡಿಲಿಗಿಟ್ಟುಕೊಂಡು, ಬಲಮುಖದ ನಡುವಣ ಕಪ್ಪು ವೃತ್ತವಾದ ಕರಣೆಯನ್ನು ನುಣುಪುಗಲ್ಲಿನಿಂದ ಉಜ್ಜುತ್ತಿದ್ದಾರೆ. ವಿದ್ವಾನ್ ಲಕ್ಷ್ಮೀಶ ಇನ್ನೇನು ಬಂದುಬಿಡುತ್ತಾರೆ. ಸಂಜೆ ಅವರ ರಾಮೋತ್ಸವದ ಕಚೇರಿ. ಇದುವರೆಗೆ ಈ ವಾದ್ಯಕ್ಕೆ ಕರಣೆ ಹಾಕಿದವರು ನರಸಮ್ಮನ ಪತಿ ಮೂರ್ತಿ ಒಬ್ಬರೇ. ಹೋದ ವರ್ಷ ಪಾರ್ಶ್ವವಾಯು ಅವರ ಬಲಗೈಯನ್ನು ಕಸಿದುಕೊಂಡಿತು. "ನೋಡೋಣ, ಒಂದ್ ಸಲ" ಎಂದು ವಿದ್ವಾಂಸರು ಅರೆಮನಸ್ಸಿನಿಂದಲೇ ವಾದ್ಯ ಬಿಟ್ಟುಹೋಗಿದ್ದಾರೆ. ಅವರು ಒಪ್ಪದಿದ್ದರೆ ಉಳಿದ ಗಿರಾಕಿಗಳೂ ಬೇರೆ ಬಾಗಿಲು ಹುಡುಕುತ್ತಾರೆ.

"ಕಲ್ಲಿನ ಮೇಲೆ ಭಾರ ಹಾಕ್ಬೇಡ್ವೇ," ಗೋಡೆಗೊರಗಿದ ಮೂರ್ತಿ ಎಚ್ಚರಿಸುತ್ತಾರೆ.

"ಸುಮ್ನೆ ಕಾಫಿ ಕುಡೀರಿ. ಬಾಯಿಗೆ ರೆಸ್ಟ್ ಕೊಟ್ರೆ ಕೈ ಬೇಗ ವಾಸಿಯಾಗುತ್ತೆ."

ಮದುವೆಯಾಗಿ ಬಿನ್ನಿಪೇಟೆಯಿಂದ ಬಂದಾಗ ನರಸಮ್ಮನ ಪಾಲಿಗಿದ್ದುದು ಕರಣೆಗೆಂದು ಅನ್ನ, ಕಲ್ಲಿನ ಪುಡಿ ಕಲಸಿ ಅರೆಯುವ ಕೆಲಸವಷ್ಟೇ. ಹಚ್ಚುವುದನ್ನು ಅವರು ಬಿಸಾಡಿದ ಚರ್ಮಗಳ ಮೇಲೆ ವರ್ಷಗಟ್ಟಲೆ ರೂಢಿಸಿಕೊಂಡರು. ಮೊದಮೊದಲು, ಉಜ್ಜುವಾಗ ಕಂಡ ಕೂದಲೆಳೆಯ ಬಿರುಕುಗಳಿಗೆ ಗಾಬರಿಯಾಗಿ ಎಲ್ಲವನ್ನೂ ಮೆತ್ತಿ ಮುಚ್ಚಿಬಿಟ್ಟಿದ್ದರಂತೆ. "ಬಡಿದ್ರೆ ಹಲಗೆ ಬಡಿದಂಗಾಯ್ತು! ಇವ್ರು ಬಿದ್ದೂ ಬಿದ್ದೂ ನಕ್ರು. ಬಿರುಕಿದ್ರೇನೇ ಅದು ಉಸಿರಾಡೋದು ಅಂತ ಆಮೇಲೆ ತಿಳೀತು." ತೆಳ್ಳಗೆ ಹಚ್ಚಿ, ಉಜ್ಜಿ, ಒಣಗಿದ ಮೇಲೆ ಮತ್ತೆ ಹಚ್ಚಬೇಕು. ಎಷ್ಟು ಪದರ? "ಯಾರು ಎಣಿಸ್ತಾರೆ? ಬೆರಳು ಸಾಕು ಅಂದ್ರೆ ಸಾಕು."

ಗೇಟು ಕಿರುಗುಟ್ಟುತ್ತದೆ.

ಲಕ್ಷ್ಮೀಶ ಬಂದು ಮೃದಂಗದ ಮುಂದೆ ಕೂರುತ್ತಾರೆ. ಒಂದು ಪೆಟ್ಟು. ಹುಬ್ಬು ಗಂಟಿಕ್ಕುತ್ತದೆ. ಇನ್ನೊಂದು. ಕಿವಿ ವಾದ್ಯದತ್ತ ಬಾಗುತ್ತದೆ. ನರಸಮ್ಮನ ಬೆರಳುಗಳು ಸೆರಗನ್ನು ತಿರುಚುತ್ತಿವೆ. ಮೂರನೆಯ ಪೆಟ್ಟಿನ ನಾದ ಅಂಗಡಿ ತುಂಬಿ, ಬಹಳ ಹೊತ್ತು ನಿಂತು, ಮೆಲ್ಲನೆ ಕರಗುತ್ತದೆ. ವಿದ್ವಾಂಸರು ಎದ್ದು, ವಾದ್ಯವನ್ನು ಚೀಲಕ್ಕಿಳಿಸಿ ಹೊರನಡೆಯುತ್ತಾರೆ. ಕಾರಿನ ಬಾಗಿಲ ಸದ್ದು. ಮೂರ್ತಿ ತಲೆ ತಗ್ಗಿಸುತ್ತಾರೆ.

ಹೆಜ್ಜೆಗಳು ಮರಳುತ್ತವೆ. ಲಕ್ಷ್ಮೀಶರ ತೋಳಲ್ಲಿ ಇನ್ನೊಂದು ಮೃದಂಗ! ಅದನ್ನು ಅವರು ಇಳಿಸುವುದು ಮೂರ್ತಿಯ ಮುಂದಲ್ಲ.

"ಇದು ನಮ್ಮ ಗುರುಗಳದ್ದು, ನರಸಮ್ಮನೋರೆ. ನೀವೇ ಹಾಕ್ಬೇಕು."

"ಹಂಗಾದ್ರೆ ಇನ್ಮೇಲೆ ನನ್ನನ್ಯಾರೂ ಕೇಳಲ್ಲ," ಮೂರ್ತಿಯ ಕಣ್ಣು ತೇವಗೊಂಡಿದೆ.

"ಕಾಫಿ ಬೇಕಾ ಅಂತ ಕೇಳ್ತೀನಲ್ಲ!" ನರಸಮ್ಮ ನಗುತ್ತಾರೆ.

ಕಾರು ಮರೆಯಾದ ಮೇಲೂ ಅವರು ಬಾಗಿಲಲ್ಲೇ ನಿಂತಿದ್ದಾರೆ. "ಇಷ್ಟು ವರ್ಷ ಶ್ರುತಿ ನೋಡೋ ನಾಕು ಪೆಟ್ಟು ಕೇಳಿದೀನಿ, ಅಷ್ಟೇ. ಇವತ್ತು ಕಚೇರಿಗೆ ಹೋಗಿ ಮಂಗಳದವರೆಗೂ ಕೂತ್ಕೋಬೇಕು. ಮುಂದಿನ ಸಾಲು ಬೇಡ, ಕಟ್ಟಕಡೇಲಿ. ನನ್ ಕರಣೆ ಅಲ್ಲೀತನಕ ಕೇಳಿಸ್ಬೇಕಲ್ಲ?"