ರಂಗೂನಿನಿಂದ ಹಾರಿಬಂದ ಸಣ್ಣ ಮಾವ

ನಾನು ಮದುವೆಯಾಗಿ ಹುಕ್ಕೇರಿಯಿಂದ ಮೂಡಲಗಿಗೆ ಬಂದ ವರ್ಷವೇ ರಂಗೂನಿನ ಮೇಲೆ ಬಾಂಬು ಬಿತ್ತು. ನನ್ನ ಗಂಡನ ಚಿಕ್ಕಪ್ಪ, ನನಗೆ ಸಣ್ಣ ಮಾವ, ಅಲ್ಲಿ ಅರಿವೆ ಅಂಗಡಿಯೊಂದರಲ್ಲಿ ಗುಮಾಸ್ತರು. ಹೆಂಡತಿಯನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದರು. ವಾರಗಟ್ಟಲೆ ಸುದ್ದಿಯಿರಲಿಲ್ಲ. ಸಣ್ಣತ್ತೆ ಅಳಲಿಲ್ಲ, ಅವರು ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರಾಯಿತು.

ಒಂದು ಮಧ್ಯಾಹ್ನ ಸ್ಟೇಶನ್ ಕಡೆಯ ಚಕ್ಕಡಿಯಿಂದ ಸಣ್ಣ ಮಾವ ಇಳಿದರು. ಗಡ್ಡ ಬೆಳೆದಿತ್ತು, ಮೈ ಇಳಿದಿತ್ತು, ಗತ್ತು ಮಾತ್ರ ಹಾಗೇ ಇತ್ತು. ಉಳಿದವರೆಲ್ಲ ಕಾಡುಗುಡ್ಡ ದಾಟಿ ನಡೆದು ಬರುತ್ತಿದ್ದ ಕಾಲ. ಇವರು ಕಟ್ಟೆಯ ಮೇಲೆ ಕೂತು, "ನಾ ವಿಮಾನದಾಗ ಬಂದೆ" ಅಂದರು.

ಅಂದಿನಿಂದ ನಮ್ಮ ಕಟ್ಟೆ ದರ್ಬಾರಾಯಿತು. ಅರಭಾವಿ, ಮಮದಾಪುರದಿಂದಲೂ ಜನ ಬಂದರು. ಎಲ್ಲರದೂ ಒಂದೇ ಪ್ರಶ್ನೆ: "ರಂಗೂನದಿಂದ ಕಲ್ಕತ್ತಾ ಎಷ್ಟ ದೂರ ಆಕೈತ್ರಿ? ಎಷ್ಟ ಹೊತ್ತ ಹಿಡೀತೈತಿ?" ಮೊದಲ ವಾರ ಆರೇಳುನೂರು ಮೈಲಿಯಿದ್ದ ದೂರ ಚಹಾ ಸುರಿದಷ್ಟೂ ಬೆಳೆಯಿತು, ಹೊತ್ತು ಕರಗಿತು. ಯುಗಾದಿಯ ಹೊತ್ತಿಗೆ ವಿಮಾನ ರಂಗೂನು ಬಿಡುವ ಮೊದಲೇ ಕಲ್ಕತ್ತೆಗೆ ಮುಟ್ಟುವ ಹಾಗಿತ್ತು.

ಎದುರಿನ ಬಟ್ಟೆ ಅಂಗಡಿಯ ಜೈನ ಸಾವಕಾರರು ದಿನಾ ಪೇಪರು ಓದುವವರು. "ಮ್ಯಾಲಿಂದ ಸಮುದ್ರ ಹ್ಯಾಂಗ ಕಾಣಸ್ತು?" ಎಂದು ಕೇಳಿದರು.

"ನೀಲಿ."

"ಖರೆ ಹೇಳ್ರಿ, ನೋಡೀರಿ?"

ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಸಣ್ಣತ್ತೆ ತಲೆ ಎತ್ತದೆ ಅಂದರು: "ವಿಮಾನದಾಗ ಮೊದಲ ಹೆಂಗಸರು, ಮಕ್ಕಳಿಗೆ ಜಾಗಾ ಅಂತ ಪೇಪರದಾಗ ಬಂದಿತ್ತಂತ. ನೀವು ಯಾರಾಗಿ ಹತ್ತಿದ್ರಿ?"

ಗಂಡಸರ ನಡುವೆ ಅವರು ಬಾಯಿ ತೆರೆದದ್ದು ಅದೇ ಮೊದಲು. ಸಣ್ಣ ಮಾವ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು.

ಆಮೇಲೆ ನಿಜ ಹೊರಬಿತ್ತು: ಅವರು ವಿಮಾನ ನಿಲ್ದಾಣಕ್ಕೆ ಹೋಗಿದ್ದು ಅಂಗಡಿ ಮಾಲಕರ ಮನೆಯವರನ್ನು ಕಳಿಸಿಕೊಡಲು. ಅಲ್ಲಿ ಮೂರು ಮಕ್ಕಳನ್ನು ಕಟ್ಟಿಕೊಂಡು ಒದ್ದಾಡುತ್ತಿದ್ದ ಹೆಂಗಸೊಬ್ಬಳು, ಗುರುತಿಲ್ಲ ಪರಿಚಯವಿಲ್ಲ, ಕೈಗೂಸನ್ನು ಇವರ ತೋಳಿಗೆ ತುರುಕಿದಳು. ಅಧಿಕಾರಿ ಇವರನ್ನೇ ಅವಳ ಗಂಡನೆಂದು ತಿಳಿದು ಎಲ್ಲರನ್ನೂ ಒಟ್ಟಿಗೇ ಒಳಗೆ ದಬ್ಬಿದ.

"ವಿಮಾನ ಏಳೂದಕ್ಕ ಕೂಸು ಉಚ್ಚಿ ಹೊಯ್ತು. ಆಮ್ಯಾಲೆ ಚೀರಾಕ ಹತ್ತಿತು. ಕಿಟಕಿ ಎಲ್ಲಿತ್ತೋ ನನಗ ಗೊತ್ತಿಲ್ಲ. ಸಮುದ್ರ ಇಲ್ಲ, ಏನಿಲ್ಲ. ಅದರ ಮಾರಿ ನೋಡಕೋತ ಕಲ್ಕತ್ತಾ ಮುಟ್ಟೇನಿ."

ಸಾವಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂದ್ರ ಹಾದ್ಯಾಗ ಒಂದ ಸಂಸಾರನ ಮಾಡಿ ಮುಗಿಸಿ ಬಂದೀರಿ."

ಸಣ್ಣತ್ತೆ ಮೊರ ಕೆಳಗಿಟ್ಟರು. "ಕೂಸು ಹೆಣ್ಣೋ, ಗಂಡೋ?"

"ಹೆಣ್ಣು."

"ಕಡೀಕಾದ್ರೂ ಮಲಗಿತೇನು?"

"ಇಳಿಯೂ ಮುಂದ. ನನ್ನ ಬೆರಳ ಹಿಡಕೊಂಡು."

ಮರುದಿನದಿಂದ ಕಟ್ಟೆ ಖಾಲಿ. ಉಚ್ಚೆಯ ಕಥೆ ಕೇಳಲು ಅರಭಾವಿಯಿಂದ ಯಾರು ಬರುತ್ತಾರೆ? ಸಣ್ಣ ಮಾವ ಎದುರಿನ ಅಂಗಡಿಯಲ್ಲೇ ಅರಿವೆ ಅಳೆಯಲು ಸೇರಿಕೊಂಡರು.

ನಿಜ ಹೊರಬಿದ್ದ ದಿನದ ಸಂಜೆಯೇ ಒಲೆಯ ಮುಂದೆ ನಾನು ಹೆದರುತ್ತಲೇ ಕೇಳಿದೆ: "ಸಣ್ಣತ್ತಿ, ಸಿಟ್ಟ ಬಂತೇನ್ರಿ?"

"ಸಿಟ್ಟ್ಯಾಕ? ನಮ್ಮ ಮನಿ ಕೂಸ ಒಂದನ್ನೂ ಎತ್ತಿದವರಲ್ಲ ಅವರು, ಧೋತರ ಹೊಲಸ ಆಕೈತಿ ಅಂತ" ಎಂದವರೇ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.