ನವೆಂಬರಿನಲ್ಲಿ ಸಿಕ್ಕ ಸಂತಾಪ

ಹಳೆ ಬಟ್ಟೆ ಒಯ್ಯುವ ಗಾಡಿ ನಮ್ಮ ಬಡಾವಣೆಗೆ ಶನಿವಾರ ಬರುತ್ತದೆ ಎಂದು ಮೊನ್ನೆ ಕ್ಲಾಸೆಟ್ ಖಾಲಿ ಮಾಡುತ್ತಿದ್ದೆ. ಬೂದು ಬಣ್ಣದ ಕೋಟೊಂದು ಕೈಗೆ ಬಂತು. ತಿರುವಿ ನೋಡಿದರೆ ಒಳಮೈಯಲ್ಲಿ, ಹೊಲಿಗೆಯ ಪಕ್ಕಕ್ಕೆ, ಟೈಲರ್ ಎಳೆದ ನೀಲಿ ಸೀಮೆಸುಣ್ಣದ ಗೆರೆ ಇನ್ನೂ ಹಾಗೇ ಇದೆ. ದಾನಕ್ಕೆ ಕೊಡುವ ಬಟ್ಟೆಯ ಜೇಬು ಮಾತ್ರ ತಡಕಿದರೆ ಸಾಲದು, ಒಳಮೈಯನ್ನೂ ಒಮ್ಮೆ ನೋಡಿ. ಇದು ನನ್ನ ಸಲಹೆ. ಯಾರೂ ಕೇಳದೆ ಸಲಹೆ ಕೊಡುವುದು ನನ್ನ ಚಾಳಿ, ಸಹಿಸಿಕೊಳ್ಳಬೇಕು.

ಗೆರೆ ಎಳೆದವರು ಜಮೀಲ್ ಸಾಹೇಬರು. ಬಾಗ್ದಾದಿನವರು, ಅಮೆರಿಕದ ಕಾರು ಕಾರ್ಖಾನೆಗಳ ಊರಾದ ಡಿಯರ್‌ಬಾರ್ನಿನಲ್ಲಿ ಪುಟ್ಟದೊಂದು ಅಂಗಡಿ ಇಟ್ಟಿದ್ದರು. ಆಗ ನಾನು ಅದೇ ಊರಿನಲ್ಲಿ, ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಪರ್ಚೇಸಿಂಗ್‌ನಲ್ಲಿದ್ದೆ. ಅಂದರೆ ಚೌಕಾಸಿ ಮಾಡುವುದಕ್ಕೇ ನನಗೆ ಸಂಬಳ. ಮೈಸೂರಿನ ಮಾರುಕಟ್ಟೆಯಲ್ಲಿ ಅಮ್ಮನ ಸೆರಗು ಹಿಡಿದು, ಬದನೆಕಾಯಿ ಗುಡ್ಡೆಯ ಮುಂದೆ ಕಲಿತ ವಿದ್ಯೆ ಅಮೆರಿಕದಲ್ಲಿ ಅನ್ನ ಹಾಕಿತು. ಹಗಲೆಲ್ಲ ಬೋಲ್ಟು, ನಟ್ಟಿಗೆ ಚೌಕಾಸಿ ಮಾಡಿ, ಸಂಜೆ ಮನೆಗೆ ಹೋಗುವಾಗ ಜಮೀಲರ ಹತ್ತಿರ ಪ್ಯಾಂಟಿನ ಝಿಪ್ಪಿಗೆ ಚೌಕಾಸಿ ಮಾಡಿದರೇನೇ ನನಗೆ ನಿದ್ದೆ. ಅವರೂ ಸಾಮಾನ್ಯರಲ್ಲ. ನಾನು ಅರ್ಧಕ್ಕೆ ಕೇಳಿದರೆ ಎದೆ ಹಿಡಿದುಕೊಂಡು, "ಹಬೀಬಿ, ಗೆಳೆಯಾ, ಸೂಜಿ ಕೊಡ್ತೀನಿ, ನೀನೇ ಹೊಲ್ಕೋ," ಅನ್ನುತ್ತಿದ್ದರು. ನಾನು ಬಾಗಿಲವರೆಗೆ ಹೋಗಬೇಕು, ಅವರು ವಾಪಸು ಕರೆಯಬೇಕು. ಕಾಲು ಗಂಟೆಯ ನಾಟಕ. ಕೊನೆಗೆ ಇಬ್ಬರಿಗೂ ಮೊದಲೇ ಗೊತ್ತಿದ್ದ ದರಕ್ಕೇ ಬಂದು ನಿಲ್ಲುತ್ತಿದ್ದೆವು.

ಮುಂಬೈ ಮೇಲೆ ದಾಳಿಯಾದ ನವೆಂಬರು ನಿಮಗೆ ನೆನಪಿರಬೇಕು. ಇಲ್ಲಿ ಕಾರ್ ಕಂಪನಿಗಳು ಒಂದೊಂದಾಗಿ ಮಂಡಿಯೂರುತ್ತಿದ್ದ ಕಾಲ. ಯಾರ ಕೆಲಸ ಯಾವತ್ತು ಹೋಗುತ್ತದೋ ಎಂದು ಎಲ್ಲರೂ ಮುಖ ಇಳಿಬಿಟ್ಟುಕೊಂಡು ಓಡಾಡುತ್ತಿದ್ದರು. ಅಂಥದ್ದರಲ್ಲೂ ಆ ವಾರ ನನ್ನನ್ನು ಕಂಡವರೆಲ್ಲ ನಿಂತು ಕೇಳಿದರು. "ನಿಮ್ಮ ಮನೆಯವರೆಲ್ಲ ಕ್ಷೇಮವಾ?" ನನ್ನ ಮನೆಯವರು ಮೈಸೂರಿನಲ್ಲಿ. ನಮ್ಮ ವಂಶದಲ್ಲಿ ಮುಂಬೈ ನೋಡಿದವರು ಯಾರೂ ಇಲ್ಲ, ಒಬ್ಬ ಸೋದರಮಾವ ರೈಲು ಬದಲಿಸಲು ಇಳಿದದ್ದು ಬಿಟ್ಟರೆ. ಮೊದಲ ಇಬ್ಬರಿಗೆ ಭೂಗೋಳ ವಿವರಿಸಿದೆ. ಮೂರನೆಯವರಿಂದ ತಲೆ ತಗ್ಗಿಸಿ "ಥ್ಯಾಂಕ್ಸ್" ಅನ್ನಲು ಶುರುಮಾಡಿದೆ. ಬಿಟ್ಟಿ ಬಂದದ್ದನ್ನು ಬಿಡುವ ಜಾಯಮಾನ ನನ್ನದಲ್ಲ. ನಾವು ಮನೆ ಮಾಡಿಕೊಂಡಿದ್ದ ವೆಸ್ಟ್ ಬ್ಲೂಮ್‌ಫೀಲ್ಡಿನ ನಮ್ಮ ಪಕ್ಕದ ಮನೆಯಾಕೆ ಬಿಸಿ ಬಿಸಿ ಆ್ಯಪಲ್ ಪೈ ತಂದುಕೊಟ್ಟು ಕಣ್ಣೊರೆಸಿಕೊಂಡರು. ದೇವಸ್ಥಾನದ ಮುಂದೆ ಮೇಣದಬತ್ತಿ ಹಿಡಿದು ನಿಂತೆವು, ಟಿ.ವಿ.ಯವರು ಬಂದರು, ನಾನು ನಾಲ್ಕು ಸೆಕೆಂಡು ಕಾಣಿಸಿದೆ. ದುಃಖ ನಿಜವಾದದ್ದೇ, ಸುಳ್ಳು ಹೇಳಲಾರೆ. ಆದರೆ ನಮ್ಮ ದೇಶದ್ದೇ ಸಣ್ಣಪುಟ್ಟ ಊರುಗಳ ಸಂತೆಯಲ್ಲಿ ಬಾಂಬ್ ಸಿಡಿದಾಗ ಒಂದು ಬೆಂಕಿಕಡ್ಡಿಯನ್ನೂ ಗೀರದವರು ನಾವು. ಅದು ಅವತ್ತು ನೆನಪಿಗೇ ಬರಲಿಲ್ಲ.

ಜಮೀಲರು ಆ ವಾರ ದರ ಮಾತಾಡಲಿಲ್ಲ. ಒಳಗೆ ಕೂರಿಸಿ ಒಣನಿಂಬೆಯ ಚಹಾ ಕೊಟ್ಟರು. "ನಿನ್ನವರು ಯಾರಾದರೂ?" ಎಂದರು.

"ಯಾರೂ ಇಲ್ಲ."

"ಆದರೂ ನಿನ್ನವರೇ ಅಲ್ಲವಾ," ಎಂದು ಭುಜ ಮುಟ್ಟಿದರು.

ಚಳಿಗಾಲ ಮುಗಿಯುವ ಮೊದಲೇ ನನ್ನ ಕೆಲಸ ಹೋಯಿತು. ಚಿಂತೆಗೆ ನಾನು ಎಷ್ಟು ಇಳಿದುಹೋದೆನೆಂದರೆ, ಮೇ ತಿಂಗಳಲ್ಲಿ ನಾಲ್ಕೈದು ಗಂಟೆ ದೂರದ ಊರಾದ ಲಿಸ್ಲ್‌ನ ಒಂದು ಕಂಪನಿಯಿಂದ ಇಂಟರ್ವ್ಯೂ ಕರೆ ಬಂದಾಗ ನನಗಿದ್ದ ಒಂದೇ ಸೂಟು, ಆ ಬೂದು ಬಣ್ಣದ್ದು, ಮೈಮೇಲೆ ಗೋಣಿಚೀಲದ ಹಾಗೆ ನೇತಾಡಿತು. ಅದಕ್ಕೆ ಹೊಲಿಗೆ ಹಿಡಿಸಿ ಬಿಗಿ ಮಾಡಿಸಲೆಂದು ಮಂಗಳವಾರ ಬೆಳಿಗ್ಗೆ ಹೊರಟೆ. ಕಾರಿನ ರೇಡಿಯೋದಲ್ಲಿ, ಬಾಗ್ದಾದಿನ ತರಕಾರಿ ಮಾರುಕಟ್ಟೆಯಲ್ಲಿ ಸ್ಫೋಟ, ಇಂತಿಷ್ಟು ಸಾವು ಎಂದರು. ಒಂದೇ ವಾಕ್ಯ. ಮುಂದಿನದು ಟ್ರಾಫಿಕ್ ಸುದ್ದಿ. ಅದನ್ನು ಕೇಳಲು ನಾನು ರೇಡಿಯೋ ದನಿ ಏರಿಸಿದೆ.

ಅಂಗಡಿಯಲ್ಲಿ ಜಮೀಲರು ಅಳತೆ ತೆಗೆದರು, ಗೆರೆ ಎಳೆದರು, ದರ ಹೇಳಿದರು. ನಾನು ಅರ್ಧ ಹೇಳಿದೆ. "ಸರಿ," ಎಂದರು.

ಅಷ್ಟೇ. ಮೆಟ್ಟಿಲಿದೆ ಎಂದು ಕಾಲಿಟ್ಟಲ್ಲಿ ಮೆಟ್ಟಿಲೇ ಇಲ್ಲದ ಹಾಗಾಯಿತು ನನಗೆ. ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದೆ. "ಸುಮಾ, ರಿಸೆಷನ್ ಅವರಿಗೂ ತಟ್ಟಿದೆ ಕಣೇ. ಇನ್ನೂ ಕಮ್ಮಿಗೆ ಕೇಳ್ಬೇಕಿತ್ತು."

ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ನಾನೇ ಹೇಳಿಕೊಡುತ್ತಿದ್ದ ಪಾಠ ಒಂದಿದೆ: ಕೇಳಿದ ತಕ್ಷಣ ಒಪ್ಪಿಕೊಂಡರೆ ಒಂದೋ ಮಾಲು ಕೆಟ್ಟಿದೆ, ಇಲ್ಲವೋ ಮಾರುವವನಿಗೆ ಏನೋ ಆಗಿದೆ. ಯಾವುದು ಅಂತ ವಿಚಾರಿಸದೆ ಸಹಿ ಹಾಕಬೇಡಿ. ಇಪ್ಪತ್ತು ವರ್ಷ ಹೇಳಿಕೊಟ್ಟವನು ಅವತ್ತು ವಿಚಾರಿಸಲಿಲ್ಲ.

ಬುಧವಾರ ಸೂಟು ತರಲು ಹೋದರೆ ಕೌಂಟರಿನಲ್ಲಿ ಅವರ ಮಗಳು ಹುದಾ ಇದ್ದಳು. ಬಾಗಿಲಿಗೆ "ಮುಚ್ಚಿದೆ" ಎಂಬ ಬೋರ್ಡು. "ನಿಮಗೋಸ್ಕರ ತೆಗೆದಿದ್ದು," ಎಂದಳು. "ಚಿಕ್ಕಪ್ಪ ಹೋಗಿಬಿಟ್ಟ. ಕರೀಮ್ ಅಂತ, ಅಪ್ಪನ ತಮ್ಮ. ಮೊನ್ನೆ ಮಾರ್ಕೆಟ್ಟಿನಲ್ಲಿ. ನಿನ್ನೆ ಬೆಳಿಗ್ಗೆ ಸುದ್ದಿ ಬಂತು. ಗುರುವಾರ ನಿಮ್ಮ ಇಂಟರ್ವ್ಯೂ ಅಂತ ಅಪ್ಪ ಇದನ್ನ ಹೊಲಿದು ಮುಗಿಸಿ ಆಮೇಲೇ ಮನೆಗೆ ಬಂದಿದ್ದು."

ನಾನು ಬಂದಾಗಲೇ ಅವರಿಗೆ ಗೊತ್ತಿತ್ತು ಹಾಗಾದರೆ. "ಸಾರಿ," ಎಂದೆ. "ಮಾತಾಡಿಸಲು ಯಾರಾದರೂ ಬಂದಿದ್ದರಾ?" ಎಂದು ಕೇಳಿದೆ.

"ನಮ್ಮ ಕಡೆಯವರು ಬಂದ್ರು. ಬೇರೆಯವರು ಯಾಕೆ ಬರ್ತಾರೆ? ಬಾಗ್ದಾದಿನಲ್ಲಿ ಬಾಂಬ್ ಅಂದ್ರೆ ಇಲ್ಲಿ ಜನ ಹವಾಮಾನ ಕೇಳಿದ ಹಾಗೆ ಕೇಳ್ತಾರೆ." ಕೋಪದಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಮರುದಿನ ಲಿಸ್ಲ್‌ನಲ್ಲಿ, "ಇತ್ತೀಚೆಗೆ ನೀವು ಕುದುರಿಸಿದ ಅತ್ಯುತ್ತಮ ವ್ಯವಹಾರ ಯಾವುದು?" ಎಂದು ಕೇಳಿದರು. ಮೈಮೇಲೇ ಇತ್ತು ಉತ್ತರ. ಯಾವುದೋ ಸ್ಪ್ರಿಂಗಿನ ಕಥೆ ಹೇಳಿದೆ. ಕೆಲಸ ಸಿಕ್ಕಿತು.

ಮನೆಗೆ ಬಂದು ಎಲ್ಲ ಹೇಳಿದಾಗ ಸುಮಾ ನನ್ನ ಕೆಲಸದ ಮಾತನ್ನೇ ಎತ್ತಲಿಲ್ಲ. "ಮೈಸೂರಲ್ಲಿ ನಮ್ಮೋರು ಆರಾಮಾಗಿದ್ದಾಗ ಅವ್ರು ಕೂರ್ಸಿ ಟೀ ಕೊಟ್ರು. ಅವರ ತಮ್ಮ ಸತ್ತಾಗ ನೀವು ಅರ್ಧ ರೇಟಿಗೆ ಹೊಲಿಸ್ಕೊಂಡು ಬಂದ್ರಿ. ಚೆನ್ನಾಗಿದೆ ರೀ! ಭಾನುವಾರ ಅವರ ಮನೆಗೆ ಹೋಗ್ತಾ ಇದೀವಿ. ದುಡ್ಡು ಗಿಡ್ಡು ಕೊಡಕ್ಕೆ ಹೋಗ್ಬೇಡಿ ಅಲ್ಲಿ, ಸುಮ್ನೆ ಕೂತ್ಕೊಳ್ಳಿ."

ಸಾವಿನ ಮನೆಗೆ ಹೋದಾಗ ನಮ್ಮಲ್ಲಿ ಏನೂ ತಿನ್ನುವುದಿಲ್ಲ, ನಿಮಗೇ ಗೊತ್ತು. ಭಾನುವಾರ ಜಮೀಲರ ಮನೆಗೆ ಹೋದ ತಕ್ಷಣ ಪುಟ್ಟ ಬಟ್ಟಲಲ್ಲಿ ಸಕ್ಕರೆಯಿಲ್ಲದ ಕಡು ಕಾಫಿ ಕೈಗೆ ಬಂತು. ಸಾವಿನ ಮನೆಯಲ್ಲಿ ನೀರೂ ಮುಟ್ಟದ ಮನೆತನದಿಂದ ಬಂದ ಸುಮಾ, ನನ್ನ ಮುಖ ನೋಡದೆ ಗುಟುಕರಿಸಿದಳು. ನಾನೂ ಕುಡಿದೆ.

"ಬೆಂಡೆಕಾಯಿ ತರಲು ಹೋಗಿದ್ದನಂತೆ," ಎಂದರು ಜಮೀಲರು. ಸ್ಫೋಟ ಎಷ್ಟು ಗಂಟೆಗೆ, ಯಾರು ಎತ್ತಿ ಸಾಗಿಸಿದರು, ಗುರುತು ಹಿಡಿದದ್ದು ಹೇಗೆ, ಎಲ್ಲ ಹೇಳಿದರು. ಆಮೇಲೆ ಕಿಟಕಿಯಾಚೆ ಹುಲ್ಲು ಕತ್ತರಿಸುತ್ತಿದ್ದ ಎದುರು ಮನೆಯವನನ್ನು ತೋರಿಸಿದರು. "ಒಳ್ಳೆಯವನು ಅವನು. ನವೆಂಬರಿನಲ್ಲಿ ನನ್ನನ್ನು ಇಂಡಿಯನ್ ಅಂತ ತಿಳ್ಕೊಂಡು, ರಸ್ತೆ ದಾಟಿ ಬಂದು, ಕೈ ಹಿಡಿದು ಸಂತಾಪ ಹೇಳಿ ಹೋದ. ಬೇಡ ಅನ್ನೋದು ಹೇಗೆ? ತಗೊಂಡೆ. ಆಗ ಖರ್ಚು ಮಾಡಿರಲಿಲ್ಲ ಹಬೀಬಿ. ಈಗ ಕರೀಮನಿಗೆ ಅದನ್ನೇ ಬಳಸ್ಕೋತಾ ಇದೀನಿ."

ಆ್ಯಪಲ್ ಪೈ, ಮೇಣದಬತ್ತಿ, ನಾಲ್ಕು ಸೆಕೆಂಡಿನ ಟಿ.ವಿ. ಎಲ್ಲ ನನ್ನ ಕಣ್ಮುಂದೆ ಬಂದು ನಿಂತವು. ಯಾವ ಊರಿನ ಸಾವಿಗೆ ಎಷ್ಟು ಬೆಲೆ ಎಂದು ಕಟ್ಟುವುದು ಟಿ.ವಿ.ಯವರೊಬ್ಬರೇ ಅಲ್ಲ. ರೇಡಿಯೋ ದನಿ ಏರಿಸಿದವನ ಕೈಯೂ ಅದರಲ್ಲಿದೆ.

ಹೊರಡುವಾಗ ಒಂದು ಎಡವಟ್ಟಾಯಿತು. ಸಾವಿನ ಮನೆಯಲ್ಲಿ "ಹೋಗಿ ಬರ್ತೀವಿ" ಅನ್ನಬಾರದಲ್ಲ, ಇಬ್ಬರೂ ಮಾತಿಲ್ಲದೆ ಎದ್ದು ಬಾಗಿಲು ದಾಟಿಬಿಟ್ಟೆವು. ಕಾರು ಸ್ಟಾರ್ಟ್ ಮಾಡುವಷ್ಟರಲ್ಲಿ ಜಮೀಲರು ಮನೆಯೊಳಗಿನ ಚಪ್ಪಲಿಯಲ್ಲೇ ಡ್ರೈವ್‌ವೇಗೆ ಓಡಿಬಂದರು. "ಏನು ತಪ್ಪಾಯಿತು? ನಾವು ಏನಾದರೂ ಅಂದೆವಾ?"

ಕಿಟಕಿ ಇಳಿಸಿ ಸಂಪ್ರದಾಯ ವಿವರಿಸಿದೆ. ಇಲ್ಲಿಗೆ ಮತ್ತೆ ಇಂಥ ಕಾರಣಕ್ಕೆ ಬರುವಂತಾಗದಿರಲಿ, ಅದಕ್ಕೇ "ಬರ್ತೀವಿ" ಅನ್ನೋದಿಲ್ಲ ಎಂದೆ. ಅವರು ಕಿಟಕಿಯ ಅಂಚು ಹಿಡಿದುಕೊಂಡು ಅತ್ತರು. ಆ ವಾರದಲ್ಲಿ ಅವರು ಅತ್ತದ್ದು ಅದೇ ಮೊದಲು ಎಂದು ಹುದಾ ಆಮೇಲೆ ಹೇಳಿದಳು.

ನಾವು ಲಿಸ್ಲ್‌ಗೆ ಬಂದು ಬಹಳ ವರ್ಷವಾಯಿತು, ಅವರ ಅಂಗಡಿಯೂ ಮುಚ್ಚಿದೆ. ಆದರೆ ಎಲ್ಲಿ ಏನು ಸಿಡಿದರೂ, ಅದು ಪತ್ರಿಕೆಯ ಯಾವ ಪುಟದಲ್ಲಿದ್ದರೂ, ಅವರಾದರೂ ನಾನಾದರೂ ಫೋನ್ ಮಾಡುವುದು ರೂಢಿ. ಹಾಗಾಗಿ ಮೊನ್ನೆ ಕ್ಲಾಸೆಟ್ಟಿನ ಮುಂದೆ ನಿಂತೇ ಫೋನ್ ಮಾಡಿದಾಗ ಮುದುಕರು ಗಾಬರಿಯಾದರು. "ಎಲ್ಲಿ? ಎಲ್ಲಿ ಏನಾಯ್ತು ಹಬೀಬಿ?"

"ಎಲ್ಲೂ ಏನೂ ಆಗಿಲ್ಲ. ಕರೀಮ್ ಹೇಗಿದ್ದ, ಹೇಳಿ. ಅವತ್ತು ಅವನು ಹೇಗೆ ಸತ್ತ ಅನ್ನೋದಷ್ಟೇ ಕೇಳಿ ಎದ್ದುಬಂದೆ."

ಆ ಕಡೆಯಿಂದ ಕೆಮ್ಮು ಬೆರೆತ ನಗು. "ಕರೀಮಾ? ಅವನಷ್ಟು ಕೆಟ್ಟ ಟೈಲರು ಇಡೀ ಬಾಗ್ದಾದಿನಲ್ಲಿ ಇರಲಿಲ್ಲ! ಒಂದು ಸಲ ಮದುಮಗನ ಪ್ಯಾಂಟಿನ ಒಂದು ಕಾಲು ಗಿಡ್ಡ ಮಾಡಿಟ್ಟ. ಮೆರವಣಿಗೆ ಹೊರಟಾಗಿದೆ... ನಿನಗೆ ಪುರುಸೊತ್ತಿದೆಯಾ?"

"ಇದೆ," ಎಂದು ನೆಲದ ಮೇಲೇ ಕೂತೆ. ಒಂದು ಗಂಟೆಯಾದರೂ ಮದುಮಗ ಇನ್ನೂ ಹುಡುಗಿಯ ಮನೆ ತಲುಪಿರಲಿಲ್ಲ.